ಮತ್ರಾದಲ್ಲಿ ಹಗಲು

ಒಂಬತ್ತು ವರ್ಷ ಈ ಊರಿನಲ್ಲಿದ್ದೆ.
ಬೆಟ್ಟದ ಬಣ್ಣ ಯಾವುದೆಂದು ನಿನ್ನೆ ಗೊತ್ತಾಯಿತು.

ಕರಕಲು ಬೆಲ್ಲದ ಬಣ್ಣ. ಅಲ್ಲಲ್ಲಿ ತುಕ್ಕು.
ಮನೆಗಳ ಬೆನ್ನಿಗೇ ಬಂದು ನಿಂತಿವೆ,
ಗ್ರೂಪ್ ಫೋಟೋದ ಹಿಂದಿನ ಸಾಲಿಗೆ ತಳ್ಳಿದ
ಉದ್ದನೆ ಹುಡುಗರ ಹಾಗೆ.
ನನ್ನ ಕಾಲದಲ್ಲಿ ಅವು ಬರೀ
ನಕ್ಷತ್ರವಿಲ್ಲದ ಜಾಗ.

ಮಂಜುಗಡ್ಡೆ ಫ್ಯಾಕ್ಟರಿ, ರಾತ್ರಿ ಪಾಳಿ.
ಕೊಕ್ಕೆ ಹಾಕಿ ಹಲಗೆ ಎಳೆದು
ಖಲ್ಫಾನನ ಪಿಕಪ್ಪಿಗೆ ಹೇರಿ, ಮೀನುಪೇಟೆಗೆ ಇಳಿಸಿ,
ಬೆಳಗಿನ ಬಾಂಗು ಮುಗಿಯುವುದರೊಳಗೆ
ಕಿಟಕಿಗೆ ಅಂಟಿಸಿದ ಬೆಳ್ಳಿಕಾಗದದ ಹಿಂದೆ
ಬಿದ್ದುಕೊಳ್ಳುತ್ತಿದ್ದೆ.
ಹಗಲೆಂದರೆ ಕಾಗದದ ಅಂಚಿನಲ್ಲಿ
ಸೂಜಿದಪ್ಪದ ಒಂದು ಗೆರೆ.

ಆದರೂ ಊರು ಪ್ರೀತಿಯದೇ.
ಯಾವ ಗಲ್ಲಿಗೆ ಯಾವ ಬೆಕ್ಕು,
ಕೋಟೆಯ ಬುಡದಲ್ಲಿ ಅಲೆ ಎಷ್ಟು ಹೊತ್ತಿಗೆ
ದನಿ ಬದಲಿಸುತ್ತದೆ,
ಮುಚ್ಚಿದ ಸೂಕಿನ ಸಂದಿಯಿಂದ ಲೋಬಾನ
ಹೇಗೆ ಬರಿಗಾಲಲ್ಲಿ ಹೊರಗೆ ಬರುತ್ತದೆ,
ಎಲ್ಲ ಗೊತ್ತಿತ್ತು;
ಮಲಗಿದ ಮೇಲಷ್ಟೇ ಮಗುವಿನ ಮುಖ ಕಾಣುವ
ಅಪ್ಪನಿಗೆ ಗೊತ್ತಿರುವಷ್ಟು.

ಇಪ್ಪತ್ತೆರಡು ವರ್ಷದ ಮೇಲೆ ಈಗ
ಜುಬೇರನ ಮಗ ವೀಸಾ ಕಳಿಸಿ
ಜಲಜಳ ಜೊತೆ ಕಾರ್ನಿಶ್ ಕಟ್ಟೆಯ ಪಕ್ಕ
ಬೆಳಗಿನ ಒಂಬತ್ತೂವರೆಗೆ ಕಣ್ಣು ಕಿವುಚಿ ನಿಂತಿದ್ದೇನೆ.
ಗಂಗೊಳ್ಳಿ ಬಿಟ್ಟು ಮೊದಲ ಸಲ ಸಮುದ್ರ ದಾಟಿದವಳು
ಕೈ ಚಾಚುತ್ತಾಳೆ:
“ಕಾಣಿ, ಅದೇ ಅಲ್ದಾ ನೀಲಿ ಗುಮ್ಮಟ?
ಎಡಕ್ಕೆ ಮರದ ಜಾಲರಿ ಉಪ್ಪರಿಗೆ,
ಮೂರನೇದು ಮಾತ್ರ ಹಸಿರು ಅಂತ ಬರ್ದಿದ್ರಿ.”

ಎಣಿಸಿದೆ. ಮೂರನೆಯದು ಹಸಿರು.

ಪತ್ರ, ತಿಂಗಳಿಗೆರಡು.
ಮಂಜಿಗೆ ಬಣ್ಣವಿಲ್ಲ, ಏನಂತ ಬರೆಯಲಿ?
ನಾನು ಏಳುವ ಹೊತ್ತಿಗೆ ಬಟ್ಟೆಯಂಗಡಿಯಿಂದ ಬರುವ
ಇಕ್ಕೇರಿ ಜುಬೇರನನ್ನು ಕೇಳುತ್ತಿದ್ದೆ,
ಇವತ್ತು ಏನು ಕಂಡೆ?
ಅವನು ಲುಂಗಿ ಬಿಗಿಯುತ್ತ ಹೇಳುವನು:
ಬಾಗಿಲು, ಗಿಳಿ, ಲಂಗರು ಹಾಕಿದ ಬಿಳಿ ಹಡಗು,
ಖಂಜರು ಮಾರುವ ಒಕ್ಕಣ್ಣ ಮುದುಕ,
ಅವನ ತಕ್ಕಡಿ ತಟ್ಟೆಯಲ್ಲಿ ನಿದ್ದೆ ಹೋದ ಬೆಕ್ಕಿನಮರಿ.
ಅಲ್ಲಲ್ಲಿ ನಾನೂ ಬೆರೆಸುತ್ತಿದ್ದೆ,
ನೆಂಟರು ಬಂದ ದಿನ ಸಾರಿಗೆ ನೀರು ಬೆರೆಸಿದ ಹಾಗೆ.
ಕೊನೆಗೆ: ನಾನೇ ನೋಡಿದೆ.

ಸೂಕಿನಲ್ಲಿ ಅವಳು ಮುಂದೆ, ನಾನು ಹಿಂದೆ.
ಎಡಕ್ಕೆ ಬನ್ನಿ ಎನ್ನುತ್ತಾಳೆ,
ಎಡಕ್ಕೆ ಬಣ್ಣಗಾಜಿನ ಮಾಡು;
ಅಂಗಿಯ ಮೇಲೆ ಕೆಂಪು ಬಿದ್ದು ಹೆಗಲಿಗೆ ಸರಿದು
ಅವಳ ಹೆರಳಿಗೆ ಹಾರಿತು.
ಬೆಳ್ಳಿಯಂಗಡಿ ಇದೆ. ಮುದುಕನಿಲ್ಲ.
ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ,
ಮಾರುವುದಿಲ್ಲವಂತೆ.

“ಗೋಡೆ ಹಾರಿ ಬೀದಿಗೆ ಬಗ್ಗಿದ ದಾಳಿಂಬೆ ಮರ?”
ಎದೆ ಧಸಕ್ಕೆಂದಿತು.
ಅದು ಜುಬೇರ್ ಜ್ವರ ಬಂದು ಮಲಗಿದ ವಾರದ್ದು,
ಪೂರಾ ನನ್ನದೇ.
ಹುಡುಕಿದೆವು. ಏಸಿ ನೀರು ತೊಟ್ಟಿಕ್ಕುವ ಓಣಿ,
ಸವೆದ ಮೆಟ್ಟಿಲು, ಒಣಹಾಕಿದ ಬಿಳಿ ನಿಲುವಂಗಿಗಳ ಸಾಲು,
ನಾನು ಕಾಣದ ಕಾವಲುಗೋಪುರ, ಅದರ ಕೆಳಗೆ
ಯಾವ ಪತ್ರದಲ್ಲೂ ಇಲ್ಲದ ನಿಂಬೆಹಣ್ಣಿನ ಬಣ್ಣದ ಬಾಗಿಲು.
ಕೊನೆಗೊಂದು ಗೋಡೆ, ಹೊರಗೆ ಬಗ್ಗಿದ ಕೊಂಬೆ.
ಬೇವು.

ಅವಳು ಎಲೆ ಕಿತ್ತು ಮೂಸಿದಳು.
“ಕತ್ತಲಲ್ಲಿ ಎಂತ ಮರ ಅಂತ ಗೊತ್ತಾತ್ತಾ ಮಾರ್ರೆ?”

ಯಾರು ಹೇಳಿದರು ನಿನಗೆ?

“ಯಾರು ಹೇಳ್ಕ್?
ಮೊದಲ ರಜೆಗೆ ಬಂದಾಗ ಹೋದದ್ದಕ್ಕಿಂತ ಬೆಳ್ಳಗಾಗಿ ಬಂದ್ರಿ.
ಬಿಸಿಲ ದೇಶದಿಂದ ಬಂದವರ ಬಣ್ಣವಾ ಅದು?”

ನಾನು ಮಾತಾಡಲಿಲ್ಲ.
ಅವಳೂ ಎಲೆಯನ್ನು ಎಸೆಯಲಿಲ್ಲ, ಪರ್ಸಿಗೆ ಹಾಕಿಕೊಂಡಳು.

ಕಟ್ಟೆಗೆ ಮರಳಿ ಶರಬತ್ತು ಕುಡಿದೆವು.
ಗ್ಲಾಸಿನ ಮಂಜು ಯಂತ್ರದ್ದು, ನಡುವೆ ತೂತು.
ಬೆಟ್ಟ ತನ್ನ ಬೆಲ್ಲವನ್ನೆಲ್ಲ ಕಳೆದುಕೊಂಡು
ಬರೀ ನಕ್ಷತ್ರವಿಲ್ಲದ ಜಾಗವಾಗುವವರೆಗೆ ಕಾದು
ಎದ್ದೆ. ಚಪ್ಪಲಿ ಕೈಗೆ ತಗೋ, ಸದ್ದಾಗುತ್ತದೆ.
ಇನ್ನು ನಾನು ಮುಂದೆ.
ಮೊದಲ ತಿರುವಿನಲ್ಲಿ ಬೆಕ್ಕು ಇರುತ್ತದೆ,
ಅದಲ್ಲದಿದ್ದರೆ
ಅದರ ಮೊಮ್ಮಗಳು.