ಆಚೆ

ನಮ್ಮ ದ್ವೀಪದಲ್ಲಿ ‘ಆಚೆ’ ಎಂಬುದಿಲ್ಲ.
ಆಚೆ ಎಂದರೆ ಬಾಲ್ಟಿಕ್ ಕಡಲು,
ಅದೋ, ಎಸೆದದ್ದನ್ನೆಲ್ಲ
ಮರುದಿನ ದಡಕ್ಕೆ ತಂದಿಡುತ್ತದೆ,
ಕಡ ತಂದ ಪಾತ್ರೆಯನ್ನು
ನೆರೆಯಾಕೆ ತೊಳೆದು ಹಿಂದಿರುಗಿಸಿದಂತೆ.

ಹಾಗಾಗಿ ಜನ ನನ್ನಲ್ಲಿಗೆ ಬರುತ್ತಾರೆ.
ಬುಧವಾರ, ಶನಿವಾರ, ಹತ್ತರಿಂದ ನಾಲ್ಕು.
ಜುನಿಪರ್ ಪೊದೆಗಳ ನಡುವೆ ಒಂದು ತಗಡಿನ ಸೂರು,
ಒಂದು ತಕ್ಕಡಿ, ಹದಿನಾರು ತೊಟ್ಟಿ.
ಹದಿನೇಳನೆಯದು ನಾನು:
ಯಾವುದರಲ್ಲೂ ಸೇರದ್ದನ್ನು
ನನ್ನ ಕಿವಿಗೆ ಹಾಕಿ ಹೋಗುತ್ತಾರೆ.

‘ಈ ಫ್ರಿಜ್ಜಿನಲ್ಲಿ ನಮ್ಮ ಎಂಡೆಲ್
ಗಾಳದ ಹುಳುಗಳನ್ನಿಡುತ್ತಿದ್ದ,
ಬೆಣ್ಣೆಯ ಪಕ್ಕದಲ್ಲೇ, ಮೂವತ್ತು ವರ್ಷ.’
ನಾನು ಚೀಟಿ ಬರೆಯುತ್ತೇನೆ:
ಫ್ರಿಜ್ಜು, ಒಂದು. ಅನಿಲ ತೆಗೆಯಬೇಕು.

ಮಾರ್ಚಿಯಲ್ಲಿ ರೂಡಿ ಬಂದ. ಒಂಬತ್ತು ವರ್ಷ.
ಹದಿನೆಂಟು ಕಿಲೋಮೀಟರು ಬಸ್ಸಿನಲ್ಲಿ
ಜಾಮಿನ ಬಾಟಲಿಯನ್ನು ಮೊಣಕಾಲ ಸಂದಿಯಲ್ಲಿ
ಉಸಿರು ಬಿಗಿಹಿಡಿದು ತಂದಿದ್ದ.
ಒಳಗೆ ಒಡೆದ ಥರ್ಮಾಮೀಟರು,
ಕೂಡಿ ಒಡೆದು ಮತ್ತೆ ಕೂಡುವ ಪಾದರಸ.
ಅಮ್ಮ ಹೇಳಿದ್ದಾಳೆ: ಮುಟ್ಟಬೇಡ, ಗುಡಿಸಬೇಡ,
ಬಚ್ಚಲಿಗೆ ಸುರಿಯಬೇಡ, ಕಸಕ್ಕೆ ಹಾಕಬೇಡ.
‘ಮತ್ತೇನು ಮಾಡಬಹುದು?’
‘ನನ್ನ ಕೈಗೆ ಕೊಡಬಹುದು.’
ಕೊಟ್ಟ. ಹೋಗಲಿಲ್ಲ. ನಿಂತೇ ಇದ್ದ.
‘ನನ್ನ ಜ್ವರವೂ ಹಡಗಿನಲ್ಲಿ ಹೋಗುತ್ತದಾ?’
ಮುಚ್ಚಳ ಇನ್ನೊಂದು ಸುತ್ತು ಬಿಗಿದು ಹೇಳಿದೆ,
‘ಹೋಗುತ್ತದೆ. ತಿಂಗಳ ಕೊನೆಗೆ.’

ಇನ್ನು ಲೆಯ್ಡಾ.
ಬಾಗಿಲು ಹಾಕಲು ಹತ್ತು ನಿಮಿಷವಿರುವಾಗ
ನೀಲಿ ಬಣ್ಣದ ಡಬ್ಬಿ ತಂದಳು.
ದೋಣಿ ಮಾರಿಯಾಗಿದೆ, ಬಣ್ಣ ಉಳಿದಿದೆ.
ತೂಕ: ಒಂದು ಕಿಲೋ ನಾನೂರು.
ಅಪಾಯಕಾರಿ, ತೊಟ್ಟಿ ಸಂಖ್ಯೆ ಹದಿನಾಲ್ಕು,
ಅಲ್ಲಿಂದ ಹಡಗು, ಹಡಗಿನಿಂದ ಲಾರಿ,
ಲಾರಿಯಿಂದ ನಾನು ಕಾಣದ ಯಾವುದೋ ಕುಲುಮೆ.
ಬರೆಯುವ ಮೊದಲು ಸುಮ್ಮನೆ ಅಲ್ಲಾಡಿಸಿದೆ.
ಗುಳುಕ್ ಎಂದಿತು.
ಇನ್ನೂ ಜೀವ ಇತ್ತು.

ನಿಯಮದ ಪುಸ್ತಕದಲ್ಲಿಲ್ಲದ ಮಾತು ಬಾಯಿಗೆ ಬಂತು:
‘ಇದನ್ನು ಕಳೆಯುವುದಕ್ಕಿಂತ
ಮುಗಿಸುವುದು ಮೇಲು.’
ಹನ್ನೊಂದನೆಯ ತೊಟ್ಟಿಯಿಂದ
ಅರ್ಧ ಕೂದಲುದುರಿದ ಕುಂಚ ಹುಡುಕಿ ಕೊಟ್ಟೆ,
ನನ್ನ ಕಚೇರಿಯ ಬಾಗಿಲು ತೋರಿಸಿದೆ.

ಅವಳು ಬುಡದಿಂದ ಶುರು ಮಾಡಿದಳು,
ದೋಣಿಗೆ ಬಳಿಯುವವರು ಹಾಗೇ ಇರಬೇಕು,
ನೀರು ಮೊದಲು ಮುಟ್ಟುವ ಕಡೆಯಿಂದ.
ಮರದ ಎಳೆ ಹಿಡಿದು, ಉದ್ದಕ್ಕೆ, ಅವಸರವಿಲ್ಲದೆ.
ಎಂಡೆಲನ ಮಾತೆತ್ತಲಿಲ್ಲ.
ಆಲೂಗಡ್ಡೆಯ ಬೆಲೆಯ ಬಗ್ಗೆ ಬೈದಳು,
ಸೊಸೆಯನ್ನು ಸ್ವಲ್ಪ.
ಐದೂಕಾಲಾಯಿತು. ಬೇಸಿಗೆಯ ಬೆಳಕಿಗೇನು,
ಅದು ಗಡಿಯಾರ ನೋಡುವುದಿಲ್ಲ.

ಚಿಲಕದ ಹತ್ತಿರ ಬಣ್ಣ ತೀರಿತು.
ಚಾಕುವಿನಿಂದ ಡಬ್ಬಿಯ ತಳ ಕೆರೆದಳು,
ಅಷ್ಟನ್ನೂ ಬಳಿದಳು. ಒಂದು ಅಂಗುಲ ಮೇಲೇರಿತು.
ಡಬ್ಬಿ ಬಿಸಿಲಲ್ಲಿ ಒಣಗಿ
ಮುಂದಿನ ವಾರ ಲೋಹದ ತೊಟ್ಟಿಗೆ ಬಿತ್ತು:
ಠಣ್!
ಆ ಸದ್ದು ಕೇಳಲೆಂದೇ ಬಂದಿದ್ದಳು ಅನಿಸುತ್ತದೆ.

ಮುಖ್ಯಭೂಮಿಯಿಂದ ಬಂದ ತನಿಖೆಯವರು ಕೇಳಿದರು,
ಬಾಗಿಲೇಕೆ ಅರ್ಧ ನೀಲಿ?
ಅಲ್ಲಿಗೆ ಮುಗಿಯಿತು, ಅಂದೆ.
ಕಾಗದದಲ್ಲಿ ಏನೋ ಗೀಚಿಕೊಂಡು ಹೋದರು.

ನಿನ್ನೆ ಹೈನೊ ಬಂದವನು
ತನ್ನ ಹರಿದ ಹಾಸಿಗೆಯನ್ನು ನೆಲಕ್ಕಿಳಿಸಿ
ಬಾಗಿಲನ್ನೇ ನೋಡುತ್ತ ನಿಂತ.
‘ಕಾಲು ಡಬ್ಬಿ ಹಳದಿ ಇದೆ ನನ್ನ ಹತ್ತಿರ.’
ಚೆನ್ನಾಗಿ ಕಾಣುವುದಿಲ್ಲ ಅಂದೆ.
‘ಕಾಣುವುದಿಲ್ಲ,’ ಅವನೂ ಒಪ್ಪಿದ.
ಶನಿವಾರ ತರಲು ಹೇಳಿದ್ದೇನೆ.