ಗುಳ್ಳೆ

ನಾಮ್ವನ್ ಪೇಟೆ ದಾಟಿ ಗುಡ್ಡದ ಬುಡದಲ್ಲಿ ಹಸಿರು ಪ್ಲಾಸ್ಟಿಕ್ಕಿನ ಷೆಡ್ಡು.
ಒಳಗೆ ಹದಿನಾಲ್ಕು ತೊಟ್ಟಿ, ಒಂದು ಒಲೆ, ಒಂದು ರೇಡಿಯೋ,
ಮತ್ತೆ ಮಾಲ್ಸುನಜ್ಜಿ.
ಹೆಸರಿನ ಅರ್ಥ, ಹೆಣ್ಣು ಇಲ್ಲಿಗೆ ಸಾಕು ಅಂತ.
ಅಪ್ಪ ಇಟ್ಟದ್ದು. ಆಮೇಲೂ ಮೂರು ಹುಟ್ಟಿದವು ಎಂದು
ಬಲೆ ಒಗೆಯುತ್ತ ನಗುತ್ತಾಳೆ.

ನಾನು ವನ್ನಾಕ್. ತೊನ್ಲೆಸಾಪ್ ಸರೋವರದ ಕಡೆಯವನು.
ಮೀನು ಹಿಡಿಯಲು ಗೊತ್ತಿತ್ತು, ಹುಟ್ಟಿಸಲು ಗೊತ್ತಿರಲಿಲ್ಲ.

ಮೇ ತಿಂಗಳ ಮೊದಲ ವಾರ. ಹೆಣ್ಣು ಮಿಕ್ಕುರಾಜಿಯನ್ನು
ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಕಿಗೆ ಹಿಡಿದಳು.
ಹತ್ತು ಮೀಸೆಯ ಕೆಸರುಮೀನು,
ಮುಷ್ಟಿಯೊಳಗಿನ ಸೋಪಿನ ಹಾಗೆ.
"ನೋಡು, ಎರಡೂ ಪಕ್ಕಕ್ಕೆ ಬಿಳಿ ಕಲೆ. ಗಂಡು ಸುತ್ತಿಕೊಂಡ ಗುರುತು.
ಇವಳು ಗದ್ದೆಯಲ್ಲೇ ಹೆತ್ತು ಬಂದವಳು. ಬಿಟ್ಟುಬಿಡು."
ಕಲೆಯಿಲ್ಲದವಳಿಗೆ ಸೂಜಿ.
ಮಾರನೆಯ ಬೆಳಗ್ಗೆ ಹೆಬ್ಬೆರಳಿಂದ ಒತ್ತಿದರೆ
ನವಣೆಯಂಥ ಮೊಟ್ಟೆ ಪಿಂಗಾಣಿ ಬಟ್ಟಲಿಗೆ ಸುರಿಯಿತು.

ಗಂಡಿನ ವಿಷಯ ಬೇರೆ. ಅದನ್ನು ಸೀಳಬೇಕು.
ಕತ್ತರಿ ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಂತಳು,
ರೇಡಿಯೋ ಸ್ವಲ್ಪ ಜೋರು ಮಾಡಿದಳು.
ಆಮೇಲೆ ಕೋಳಿಗರಿಯಿಂದ ಎರಡನ್ನೂ ಕಲಸಿದಳು,
ಮಲಗಿದ ಮಗುವಿನ ಹಣೆ ಸವರುವಷ್ಟು ಮೆಲ್ಲಗೆ.

ಎರಡನೆಯ ಸಂಜೆ ಮೊಟ್ಟೆಯೊಳಗೊಂದು ದಾರ ಅಲುಗಿತು.
ಮೂರನೆಯ ದಿನ ಬಲೆಯ ತುಂಬ ರೆಪ್ಪೆಗೂದಲು ತೂಗುತ್ತಿದ್ದವು.
ಬಾಯಿಲ್ಲ ಇನ್ನೂ. ಕಟ್ಟಿಕೊಂಡು ಬಂದ ಬುತ್ತಿ ಹೊಟ್ಟೆಯಲ್ಲೇ ಇದೆ.
ಅದು ಮುಗಿಯುವ ಗಳಿಗೆ ತಪ್ಪಬಾರದು:
ಬೇಗ ಉಣಿಸಿದರೆ ನೀರು ಕೊಳೆಯುತ್ತದೆ,
ತಡವಾದರೆ ಇವು.
ಬೇಯಿಸಿದ ಕೋಳಿಮೊಟ್ಟೆಯ ಹಳದಿ, ಹಳೆಯ ಕಾಲುಚೀಲದಲ್ಲಿ ಹಿಂಡಿ,
ಲಕ್ಷ ಬಾಯಿಗೆ ಒಂದು ಹಳದಿ.
ಬಿಳಿಯದು ನನ್ನ ಊಟಕ್ಕೆ.
ವಾರವಿಡೀ ತಿಂದೆ.

ಏಳನೆಯ ರಾತ್ರಿ ಕರೆಂಟು ಹೋಯಿತು.
ಗಾಳಿಯಂತ್ರದ ಗೊರಗೊರ ನಿಂತ ಮೇಲೇ
ಇಷ್ಟು ದಿನ ಅದು ಇತ್ತೆಂದು ತಿಳಿದದ್ದು.
ತಾಯಿಮೀನುಗಳ ಚಿಂತೆಯಿಲ್ಲ, ಮೇಲೆ ಬಂದು
ಗಾಳಿ ನುಂಗಿ ಕರುಳಲ್ಲೇ ಉಸಿರಾಡುವ ಜಾತಿ;
ಮರಿಗಳಿಗೆ ಆ ವಿದ್ಯೆ ಹತ್ತುವುದು ತಡ.
ಸೋರೆಬುರುಡೆ ಒಂದು ಅವಳಿಗೆ, ಒಂದು ನನಗೆ.
ಮೊಗೆ, ಎತ್ತರದಿಂದ ಸುರಿ. ಮೊಗೆ, ಸುರಿ.
ಐದನೆಯ ತೊಟ್ಟಿಯ ಹತ್ತಿರ ಅವಳ ಬಲಭುಜ ಸೋತಿತು.
ಎಡಗೈಯಲ್ಲಿ ಸುರಿಯುತ್ತ, ಕತ್ತಲೆಯಲ್ಲಿ,
ತಂಗಿಯರ ಹೆಸರು ಹೇಳತೊಡಗಿದಳು.
ಕ್ಕುತ್ಸುನ್. ಹೂನಮ್.
ಮೂರನೆಯದಕ್ಕೆ ಎಂಟು ದಿನ ಹೆಸರೇ ಇಡಲಿಲ್ಲವಂತೆ,
ಒಂಬತ್ತನೆಯ ದಿನ ಬೇಕಾಗಲಿಲ್ಲ.
ಮೊಗೆ, ಅಂದಳು. ನಿಲ್ಲಿಸಬೇಡ.

ಬೆಳಕು ಹರಿದಾಗ ಮೂರು ತೊಟ್ಟಿ ಬೆಳ್ಳಗಿದ್ದವು.
ಹನ್ನೊಂದರಲ್ಲಿ ಜೀವ.
ನಾನು ಅನ್ನಕ್ಕೆ ನೀರಿಟ್ಟೆ.

ಈಗ ಅವು ಬೆಂಕಿಕಡ್ಡಿಯುದ್ದ. ಮೀಸೆ ಮೂಡಿದೆ,
ಕೆಸರು ಹರಡಿದ್ದೇ ತಡ ಒಳಗೆ ಮಾಯ.
ಮುಂದಿನ ವರ್ಷ ಪೇಟೆಯ ಸಾರಿನಂಗಡಿಗಳಿಗೆ ಹೋಗುವವು ಇವೇ.
ಅದನ್ನು ಅವಳೂ ಮುಚ್ಚಿಡುವುದಿಲ್ಲ,
ಕಿಲೋ ದರ ಬಾಗಿಲ ಮೇಲೇ ಬರೆದಿದೆ.

ಇವತ್ತು ಮಧ್ಯಾಹ್ನ, ಒಂಬತ್ತನೆಯ ತೊಟ್ಟಿಯಲ್ಲಿ,
ಒಂದು ನೆಟ್ಟಗೆ ಮೇಲೆ ಬಂತು,
ನೀರಿನ ಕೆನೆಗೆ ಮೂತಿ ತಾಗಿಸಿತು,
ಇಳಿಯುವಾಗ ಹಿಂದಿನಿಂದ ಗುಳ್ಳೆಯೊಂದು ಬಿಟ್ಟಿತು.
"ಅಜ್ಜೀ!"
ಊಟದ ಕಡ್ಡಿ ಹಿಡಿದೇ ಓಡಿಬಂದಳು.
"ಹೂಸಿತೇ? ಸರಿಯಾಗಿ ಕಂಡೆಯಾ?"
ಇಬ್ಬರೂ ತೊಟ್ಟಿಯಂಚಿಗೆ ಗದ್ದ ಊರಿ
ಇನ್ನೊಂದಕ್ಕೆ ಕಾದೆವು.