ನಿಮಿಷಕ್ಕೆ ಮೂರು ಸುತ್ತು

ಶಕ್ತಿನಗರದ ಕ್ವಾರ್ಟರ್ಸಿನಲ್ಲಿ
ರಾತ್ರಿ ಪಾಳಿ ಮುಗಿಸಿ ಬಂದವರು
ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಾರೆ.
ಹನ್ನೊಂದು ವರ್ಷ ನಾನೂ ಹಾಗೇ ಮಲಗಿದೆ.
ನಿದ್ದೆಯೊಳಗೂ ಅಲಾರಾಂ, ಕೆಂಪು ದೀಪ,
ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ.

ಒಂದು ರಾತ್ರಿ ಮೀಟರಿನ ಮುಳ್ಳು ನೋಡುತ್ತ ಕೂತೆ.
ಮುಳ್ಳು ಕಂಡಿತು. ಅಂಕಿ ಕಂಡಿತು.
ಅರ್ಥ ಮಾತ್ರ
ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿಯದ
ಹಳೇ ಗೆಳತಿಯ ಹಾಗೆ
ಮುಂದೆಯೇ ಹಾದುಹೋಯಿತು.
ಲಾಗ್ ಬುಕ್ಕಿನಲ್ಲಿ ಬರೆದದ್ದು ನನ್ನ ಹೆಸರೊಂದೇ.
ಎರಡು ಸಲ.

ಇಪ್ಪತ್ತೊಂದು ದಿನ ರಜೆ.
ಮೊದಲ ವಾರ ಗೋಡೆಯ ಕಡೆ ಮುಖ.
ತಂತಿಯ ಮೇಲಿನ ಸೀರೆ ಬೂದಿ ಕುಡಿದು ಕಪ್ಪಿಟ್ಟರೂ
ಎದ್ದು ತೆಗೆಯಲಿಲ್ಲ.
ಪಕ್ಕದ ಮನೆಯ ಹುಲಿಗೆಮ್ಮ
ಸೂಸ್ಲಾ ತಂದಿಟ್ಟು, ಏನೂ ಕೇಳದೆ ಹೋದಳು.
ಕೇಳದೆ ಹೋದಳಲ್ಲ, ಅದಕ್ಕೇ ಅತ್ತೆ.

ಎಂಟನೆಯ ದಿನ ಖಾಸೀಂಸಾಬರು ಬಂದರು,
ಟರ್ಬೈನಿನ ಗದ್ದಲದಲ್ಲಿ ಕಿವಿ ಅರ್ಧ ಕಳೆದುಕೊಂಡವರು,
ಎಲ್ಲರ ಜೊತೆಗೂ ಕೂಗಿಯೇ ಮಾತಾಡುವವರು.
ಅಂದು ಮೆಲ್ಲಗೆ, ಬಸಿಗೆ ಚಾ ಸುರಿದುಕೊಂಡು:
"ಯೂನಿಟ್ ಟ್ರಿಪ್ ಆದ್ರ ನಾವೇನ್ ಮಾಡ್ತೀವವ್ವ?
ಕಾದ ಶಾಫ್ಟು ಹಂಗೇ ನಿಂತ್ರ ಬಾಗ್ತದ.
ಬಾರಿಂಗ್ ಗೇರ್ ಹಾಕಿ ತಿರುಗಿಸ್ತಾ ಇರ್ತೀವಿ,
ನಿಮಿಷಕ್ಕ ಮೂರ್ ಸುತ್ತು. ಕರೆಂಟ್ ಹುಟ್ಟಂಗಿಲ್ಲ.
ಮೂರ್ ದಿನ, ನಾಕ್ ದಿನ, ಆರೋ ತನಕ.
ಅದನ್ನ ಯಾರರ ಮೈಗಳ್ಳ ಅಂತಾರೇನು?"
ಬಸಿ ತಾವೇ ತೊಳೆದಿಟ್ಟು ಹೋದರು.

ಅವತ್ತು ತಂತಿಯ ಸೀರೆ ಝಾಡಿಸಿದೆ. ಒಂದು ಸುತ್ತು.
ಮರುದಿನ ತೊಗರಿಬೇಳೆಯ ಹರಳು ಆರಿಸಿದೆ,
ಅರ್ಧ ಮೊರ. ಉಳಿದರ್ಧ ಹಾಗೇ ಬಿಟ್ಟೆ.
ಬಿಟ್ಟದ್ದು ನನ್ನನ್ನು ನುಂಗಲಿಲ್ಲ.
ನಡುವೆ ಎರಡು ದಿನ ಮತ್ತೆ ಗೋಡೆ.

ಹದಿನೇಳನೆಯ ಸಂಜೆ ಕೃಷ್ಣೆಯ ದಂಡೆ.
ನಡುಗಡ್ಡೆಗೆ ಹೊರಟ ಹರಗೋಲಿನಲ್ಲಿ
ಎರಡು ಆಡು, ಒಂದು ಗ್ಯಾಸ್ ಸಿಲಿಂಡರ್, ನಾನು.
"ಯಾರ ಮನಿಗಿ?" ಅಂದ ಹುಟ್ಟು ಹಾಕುವವ.
"ಯಾರ ಮನಿಗೂ ಅಲ್ಲ. ಸುಮ್ನ, ಹೋಗಿ ಬರ್ತೀನಿ."

ನಡುನೀರಿನಲ್ಲಿ ಬೀಡಿ ಹಚ್ಚಲು ಹುಟ್ಟು ಎತ್ತಿಟ್ಟ.
ಹರಗೋಲು ತಾನಾಗಿ ತಿರುಗತೊಡಗಿತು.
ಚಿಮಣಿ ಬಂತು, ಬಂಡೆ ಬಂತು, ಜಾಲಿ ಬಂತು,
ಮತ್ತೆ ಚಿಮಣಿ.
ಎಣಿಸಲಿಲ್ಲ ನಾನು.
ಆಡೊಂದು ನನ್ನ ಸೆರಗು ಮೇಯುತ್ತಿತ್ತು.
ಎಳೆದುಕೊಳ್ಳಲು ಅವಸರವೇನೂ ಇರಲಿಲ್ಲ.